ಸೀಗೆಪುಡಿ ಹಾಕಿ ತೊಳೆದ ಕಲ್ಲು

ಹೋದ ವರ್ಷ ಮೇ ತಿಂಗಳ ರಜೆಯ ಮಾತು. ನಾನೂ ನಮ್ಮ ಯಜಮಾನರೂ ತುಮಕೂರಿನಿಂದ ಕಾರಿನಲ್ಲಿ ಹೊರಟು ಯಲ್ಲಾಪುರ, ಸಿದ್ದಾಪುರ, ಶಿರಸಿ ಸುತ್ತಿ ಬರೋಣವೆಂದು ಐದು ದಿನದ ಪ್ರವಾಸ ಹಾಕಿಕೊಂಡಿದ್ದೆವು. ಪ್ರವಾಸವೆಂದರೆ ನನ್ನ ಪಾಲಿಗೆ ಜಲಪಾತ, ತಂಪು ಗಾಳಿ, ಬೇರೆಯವರು ಮಾಡಿ ಬಡಿಸಿದ ಊಟ. ಅವರ ಪಾಲಿಗೆ ಕಲ್ಲು. ಹೈಸ್ಕೂಲಿನಲ್ಲಿ ಹೇಳಿಕೊಡುವುದು ಗಣಿತ, ಆದರೆ ಶಾಸನ, ವೀರಗಲ್ಲು ಎಂದರೆ ತಟ್ಟೆ ಮುಂದಿನಿಂದ ಎದ್ದು ಓಡುವ ಜಾತಿ. "ಕಲ್ಲನ್ನೇ ಕಟ್ಟಿಕೊಳ್ಳಬಹುದಿತ್ತಲ್ಲ, ನನ್ನನ್ಯಾಕೆ ಕಟ್ಟಿಕೊಂಡ್ರಿ?" ಎಂದು ನಾನು ಛೇಡಿಸುತ್ತಲೇ ಇರುತ್ತೇನೆ.

ಬಿಳಗಿಯ ಬಸದಿ ಆಯಿತು, ಸೋಂದಾ ಕೋಟೆ ಆಯಿತು. ನಾಲ್ಕನೆಯ ದಿನ ಬನವಾಸಿಯ ದೇವಸ್ಥಾನ ನೋಡಿಕೊಂಡು ಹಳ್ಳಿ ರಸ್ತೆಯಲ್ಲಿ ಬರುತ್ತಿದ್ದಾಗ ಇವರು ಗಕ್ಕನೆ ಬ್ರೇಕ್ ಹಾಕಿದರು. ಅನಾನಸ್ ಹೊಲದ ಬದುವಿನಲ್ಲಿ, ನಿಲ್ಲಿಸಿದ್ದ ಟ್ರ್ಯಾಕ್ಟರ್ ಪಕ್ಕ, ನನ್ನ ಎತ್ತರದ ಒಂದು ಕಲ್ಲು. ಮೇಲಿಂದ ಕೆಳಗಿನ ತನಕ ಕರ್ರಗೆ ಮೆತ್ತಿಕೊಂಡಿತ್ತು. ಮುಟ್ಟಿದರೆ ಕೈಗೆ ಜಿಡ್ಡು ಅಂಟಿತು.

"ನೋಡೇ, ವೀರಗಲ್ಲು! ಇಂಥದ್ದಕ್ಕೆ ಟ್ರ್ಯಾಕ್ಟರ್ ಗ್ರೀಸ್ ಒರೆಸಿದ್ದಾರಲ್ಲ, ಮನುಷ್ಯರಾ ಇವರು?" ಎಂದು ಇವರು ಕೂಗಾಡಿದರು. ಕಾರಿನಿಂದ ಬ್ರಶ್ ತಂದು ಉಜ್ಜಿದ್ದೇ ಉಜ್ಜಿದ್ದು, ಒಂದಿಷ್ಟೂ ಬಿಡಲಿಲ್ಲ.

ಅಲ್ಲಿ ನನ್ನ ಬುದ್ಧಿವಂತಿಕೆ ಅಡ್ಡ ಬಂತು. ಜಿಡ್ಡು ತೆಗೆಯುವುದು ಗಂಡಸರಿಗೇನು ಗೊತ್ತು ಎಂದು ತಲೆಸ್ನಾನಕ್ಕೆ ತಂದಿದ್ದ ಸೀಗೆಪುಡಿಯ ಡಬ್ಬಿ ತೆಗೆದೆ. ಐದು ಲೀಟರ್ ಕ್ಯಾನಿನ ನೀರಿನಲ್ಲಿ ಕಲಸಿ, ಮಗುವಿಗೆ ಎರೆಯುವ ಹಾಗೆ ತಿಕ್ಕತೊಡಗಿದೆ. ಕರಿ ನೊರೆ ಇಳಿಯಿತು. ಬುಡದಲ್ಲಿ ಒಂದು ಬಾಲ ಕಂಡಿತು. "ಹುಲಿ ಕಣೇ!" ಎಂದು ಇವರು ಕುಣಿದರು.

"ಏ, ಏ! ಏನ್ ಮಾಡಾಕತ್ತೀರಿ? ಕೈ ತಗೀರಿ!"

ಎಪ್ಪತ್ತು ದಾಟಿದ ಹೆಂಗಸೊಬ್ಬರು ಹೊಲದ ಆಚೆಯ ಮನೆಯಿಂದ ಬರಿಗಾಲಲ್ಲಿ ಓಡಿ ಬಂದರು. ನೊರೆ ಹತ್ತಿದ ಕಲ್ಲು ನೋಡಿದವರೇ ಬದುವಿನ ಮೇಲೆ ಕುಸಿದು ಕೂತರು. "ನಮ್ಮ ಮಲ್ಲಜ್ಜಗ ನೀರ ಹಾಕಿದ್ರೇನ್ರಿ?"

ಅದು ಗ್ರೀಸ್ ಆಗಿರಲಿಲ್ಲ. ಆ ಮನೆಯವರು ತಲೆತಲಾಂತರದಿಂದ ಹಚ್ಚಿಕೊಂಡು ಬಂದ ಎಣ್ಣೆ. ನಾನು ಅವರ ದೇವರನ್ನು ಬೆತ್ತಲೆ ಮಾಡಿದ್ದೆ.

ಆಕೆಯ ಹೆಸರು ನೀಲವ್ವ. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಡುಗುತ್ತಿದ್ದರು. "ಅಮಾಸಿಗೊಮ್ಮೆ ಎಣ್ಣಿ ಅಷ್ಟರೀ. ಮಳಿ ಬಿಟ್ಟು ಬ್ಯಾರೆ ನೀರ ಸೋಕಿದ್ರ ಮನಿ ಕೂಸಿಗೆ ಕೇಡು ಅಂತ ನಮ್ಮತ್ತಿ ಹೇಳ್ಯಾಳ. ಇವತ್ತ ನಸುಕಿನ್ಯಾಗ ನನ್ನ ಮೊಮ್ಮಗಳನ್ನ ಹೆರಿಗಿಗಂತ ಶಿರ್ಸಿಗೆ ಕರ್ಕೊಂಡು ಹೋಗ್ಯಾರ. ಇವತ್ತೇ ಬೇಕಾಗಿತ್ತೇನ್ರಿ ನಿಮಗ?"

"ಅಮ್ಮಾ, ಅದೆಲ್ಲ ಬರೀ ನಂಬಿಕೆ..." ಎಂದು ಇವರು ಶುರು ಮಾಡಿದರು. ನಾನು ಕಣ್ಣು ಬಿಟ್ಟು ತಡೆದೆ. ನಾನೂ ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಹೊತ್ತಿಗೆ ನನಗೆ ಗೊತ್ತಿರುವ ದೇವರನ್ನೆಲ್ಲ ನೆನೆದೆ.

"ಈಗೇನು ಮಾಡಲಿ ಅಮ್ಮಾ? ನೀವು ಹೇಳಿದ ಹಾಗೆ ಮಾಡ್ತೀನಿ" ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಅರ್ಧ ನೊರಿಯೊಳಗ ಬಿಟ್ಟು ಹೋಗಾಕ ಬರೂದಿಲ್ಲ. ಪೂರಾ ತೊಳೀರಿ. ತೊಳದಾಕೀನೇ ಎಣ್ಣಿ ಹಚ್ಚಬೇಕು" ಎಂದು ಮನೆಗೆ ಹೋಗಿ ಎಣ್ಣೆಯ ಬಟ್ಟಲು, ಒಂದು ಕೊಡ ನೀರು ತಂದರು. ಕೊನೆಯ ನೀರನ್ನು ಆಕೆಯೇ ಸುರಿದರು.

ನೊರೆ ಸರ್ರನೆ ಇಳಿಯಿತು. ಹಿಂಗಾಲ ಮೇಲೆ ಎದ್ದು ನಿಂತ ಹುಲಿ. ಎದುರಿಗೆ ಕುಡುಗೋಲು ಎತ್ತಿದ ಕೈ. ಮೇಲೆ ಸೂರ್ಯ, ಚಂದ್ರ. ನಾನು ಮೀಸೆ ಹುಡುಕಿದೆ. ಮೀಸೆ ಇರಲಿಲ್ಲ. ನೀಲವ್ವನ ಬೆರಳು ತಲೆಯ ಹಿಂದಿನ ಉಬ್ಬಿನ ಮೇಲೆ ನಿಂತಿತು.

"ಇದೇನಿದು... ತುರುಬ?"

ಬೆರಳು ಮೆಲ್ಲಗೆ ಸೊಂಟಕ್ಕೆ ಇಳಿಯಿತು. ಎಡಗಡೆ ಸೊಂಟದ ಮೇಲೆ, ಅಂಗೈ ಅಗಲದ ಒಂದು ಕೂಸು, ತಾಯಿಯ ಕೊರಳು ತಬ್ಬಿಕೊಂಡು ಕೂತಿತ್ತು. ಹುಲಿಯ ಪಂಜ ಅದಕ್ಕೆ ಎರಡೇ ಬೆರಳು ದೂರ.

"ಯವ್ವಾ!" ಎಂದರು ನೀಲವ್ವ. "ಹೆಣ್ಮಗಳು! ಐವತ್ತ ವರ್ಷ ಎಣ್ಣಿ ಹಚ್ಚೀನ್ರಿ ನಾ, ಅಜ್ಜಾ ಅಜ್ಜಾ ಅಂತ. ಯುಗಾದಿಗೆ ರುಮಾಲ ಬ್ಯಾರೆ ಸುತ್ತತಿದ್ದೆ!" ಅಳುತ್ತಿದ್ದವರು ಹಾಗೇ ನಗತೊಡಗಿದರು.

ನನಗೆ ನಗು ಬರಲಿಲ್ಲ. ಎಷ್ಟು ನೂರು ವರ್ಷದಿಂದ ಆ ತಾಯಿ ಕತ್ತಲೆಯೊಳಗೆ ಮಗುವನ್ನು ಹಿಡಿದುಕೊಂಡು ನಿಂತಿದ್ದಳೋ! ಕಲ್ಲು ಕಂಡರೆ ಭಾಷಣ ಬಿಗಿಯುವ ಇವರು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು.

"ಹಚ್ಚವ್ವಾ. ಕೂಸಿನ ಮ್ಯಾಲೆ ಮೆಲ್ಲಕ" ಎಂದರು ನೀಲವ್ವ. ನಾನು ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡು ಹುಲಿಗೂ ತಾಯಿಗೂ ಹಚ್ಚಿದೆ. ಮಗುವಿನ ಬೆನ್ನಿಗೆ ಒಂದೇ ಬೆರಳಿನಿಂದ ಸವರಿದೆ.

ಮುಗಿಯುವಾಗ ಹನ್ನೆರಡು ದಾಟಿತ್ತು. "ನಡೀರಿನ್ನ, ನಿಮಗ ದೂರ ಐತಿ" ಎಂದರು. ನಾನು ಕಾಲು ಕೀಳಲಿಲ್ಲ. ಆಸ್ಪತ್ರೆಯಿಂದ ಸುದ್ದಿ ಬರದೆ ಅಲ್ಲಿಂದ ಹೋಗುವುದು ನನ್ನಿಂದ ಆಗದ ಮಾತಾಗಿತ್ತು. ಹಾಗೇ ಹೇಳಿದೆ.

ನೀಲವ್ವ ನನ್ನನ್ನೇ ನೋಡಿದರು. "ಯಾಕ ಅಂಜತೀರಿ? ಹುಲಿ ಬಂದ್ರೂ ಕೂಸಿನ್ನ ಬಿಟ್ಟಿಲ್ಲ ಅಕಿ. ನೀವು ಒಂದ್ ಕೊಡ ನೀರ ಹಾಕಿದ್ದಕ್ಕ ಬಿಟ್ಟಾಳೇನು?" ಎಂದು ಹೇಳಿ, ಅನಾನಸ್ ಹೆಚ್ಚಿ ಉಪ್ಪು ಕಾರ ಸವರಿ ಕೊಟ್ಟರು. ತಾವೂ ತಿಂದರು. ನನ್ನ ಹೋಳು ಕೈಯಲ್ಲೇ ಉಳಿಯಿತು.

ಮೂರು ಗಂಟೆ ಹೊತ್ತಿಗೆ ನೀಲವ್ವನ ಸೆರಗಿನ ಗಂಟಿನಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಹೆಣ್ಣು ಮಗು, ಬಾಣಂತಿ ಮಗು ಇಬ್ಬರೂ ಆರಾಮ. ಗಳಗಳ ಅತ್ತವಳು ನಾನು. ನೀಲವ್ವ ನನ್ನ ಬೆನ್ನು ಸವರಿ, "ಸುಮ್ಮನಿರವ್ವಾ" ಎಂದು ಸಮಾಧಾನ ಮಾಡಿದರು.

ಆ ಪ್ರವಾಸದಲ್ಲಿ ಕೋಟೆ ನೋಡಿದೆ, ಬಸದಿ ನೋಡಿದೆ. ಎಲ್ಲವೂ ಚೆಂದವೇ. ಆದರೆ ಇವತ್ತಿಗೂ ಯೋಚಿಸಿದರೆ ಮೈ ಜುಮ್ಮೆನ್ನುವುದು ಒಂದೇ ವಿಷಯಕ್ಕೆ. ಮೂರು ಗಂಟೆಯ ತನಕ ಆ ಹೊಲದಲ್ಲಿ ಹೆದರಿ ಕೂತಿದ್ದವಳು, ಏನನ್ನೂ ನಂಬದ ನಾನು. ನೀಲವ್ವನ ಹೆದರಿಕೆ ಫೋನ್ ಬರುವುದಕ್ಕೆ ಮೂರು ತಾಸು ಮೊದಲೇ ಹೋಗಿತ್ತು.