ಇಟಲಿಯ ತಾತನ ಮೂಗು

ಇವತ್ತು ಬೆಳಿಗ್ಗೆ ಮಹಡಿಯ ಮೇಲೆ ಬಾಡಿಗೆಗಿರುವ ಬಾಗಲಕೋಟೆಯ ಹೆಂಗಸು ಚಟ್ನಿಪುಡಿಗೆ ಅಗಸೆ ಹುರಿಯುತ್ತಿದ್ದರು. ನಾನು ಬಾಗಿಲು ಹಾಕಿಕೊಂಡೆ. ಸುದ್ದಗುಂಟೆಪಾಳ್ಯದ ಈ ಮನೆಯಲ್ಲಿ ಬಾಗಿಲಿಗೆಲ್ಲ ವಾಸನೆ ನಿಲ್ಲುವುದಿಲ್ಲ. ಅಗಸೆ ಎಣ್ಣೆಯಲ್ಲಿ ಬಣ್ಣ ಕಲೆಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ನೆನಪಾದರು…

ಜಯನಗರದಲ್ಲಿ ಅವರದು ನಮ್ಮ ಪಕ್ಕದ ಮನೆ. ಸ್ಕೂಲಿನಿಂದ ರಿಟೈರ್ ಆಗಿ ಹಜಾರದಲ್ಲೇ ಕೂತು ಚಿತ್ರ ಬರೆಯುತ್ತಿದ್ದರು. ಭಾನುವಾರ ನಾನು ಕಲಿಯಲು ಹೋಗುತ್ತಿದ್ದೆ. ಯಾವುದೋ ಹಳೆಯ ಪುಸ್ತಕದ ಹಾಳೆಯೊಂದನ್ನು ಗೋಡೆಗೆ ಅಂಟಿಸಿದ್ದರು. ಐನೂರು ವರ್ಷಗಳ ಹಿಂದೆ ಇಟಲಿಯವನೊಬ್ಬ ಬರೆದ ತಾತ ಮತ್ತು ಮೊಮ್ಮಗನ ಚಿತ್ರ. ತಾತನ ಮೂಗಿನ ತುಂಬ ಗಂಟುಗಳು, ಸೀತಾಫಲದ ಹಾಗೆ. ಮಗು ಆ ಮುಖವನ್ನೇ ಕಣ್ತುಂಬ ನೋಡುತ್ತಿದೆ. ನನಗಂತೂ ಅಸಹ್ಯವಾಗುತ್ತಿತ್ತು.

"ಮೂಗು ಸರಿ ಮಾಡಿ ಬರೀಬಹುದಿತ್ತಲ್ಲ ಸಾರ್?"

"ಬರೀಬಹುದಿತ್ತು. ಆಮೇಲೆ ಆ ಮಗು ಯಾರನ್ನ ನೋಡ್ತಿತ್ತು?" ಅಂದರು.

ಆ ಇಟಲಿಯವನಿಗೆ ಇಂಥ ಕಣ್ಣು ಎಲ್ಲಿಂದ ಬಂತು ಅನ್ನುವುದು ಮೇಷ್ಟ್ರ ಮೆಚ್ಚಿನ ಕಥೆ. ಉತ್ತರದ ದೇಶದಿಂದ ಅವನ ಊರಿಗೆ ಹಡಗಿನಲ್ಲಿ ಒಂದು ದೊಡ್ಡ ಚಿತ್ರ ಬಂದಿತ್ತಂತೆ. ಅದರಲ್ಲಿ ಕ್ರೈಸ್ತರ ದೇವರ ಕೂಸಿನ ಮುಂದೆ ಕುರಿಗಾಹಿಗಳು. ಒರಟು ಕೈ, ತೆರೆದ ಬಾಯಿ, ಇದ್ದದ್ದು ಇದ್ದ ಹಾಗೆ. ಅದನ್ನು ನೋಡಿದ ಮೇಲೆ ಇವನೂ ತನ್ನ ಚಿತ್ರಕ್ಕೆ ಅಂಥವರನ್ನೇ ಕರೆತಂದನಂತೆ. ಅದನ್ನು ಬರೆದವನಿಂದ ಇವನಿಗೆ, ಇವನಿಂದ ತನಗೆ ಎಂದು ಮೇಷ್ಟ್ರು ಜಂಬ ಪಡುತ್ತಿದ್ದರು. ತನ್ನಿಂದ ನನಗೆ ಎಂದೂ ಸೇರಿಸುತ್ತಿದ್ದರು, ಪಾಪ.

ನನ್ನ ಅಮ್ಮನಿಗೆ ಬಾಯಿಯ ಸುತ್ತ, ಒಂದು ಕಣ್ಣಿನ ಸುತ್ತ ತೊನ್ನು. ಫೋಟೋ ಅಂದರೆ ಓಡುತ್ತಿದ್ದಳು. ನೆಂಟರು ಬಂದರೆ ಅಡುಗೆಮನೆ ಸೇರುತ್ತಿದ್ದಳು. ಅಂಥವಳನ್ನು ಮೇಷ್ಟ್ರು ಅದು ಹೇಗೋ ಒಪ್ಪಿಸಿ, ಹನ್ನೊಂದು ಭಾನುವಾರ ಕೂರಿಸಿಕೊಂಡು ಬರೆದರು. ಬಿಳಿಯನ್ನು ಬಿಳಿಯಾಗಿಯೇ ಬರೆದರು. ಅಮ್ಮ ಬಹಳ ಹೊತ್ತು ನೋಡಿ, "ನಾನೇ," ಅಂದಳು. ಅದನ್ನು ನಮ್ಮ ಹಜಾರದಲ್ಲೇ ತೂಗುಹಾಕಿಸಿದಳು. ಅಂದಿನಿಂದ ಯಾರು ಬಂದರೂ ಕಾಫಿ ತಾನೇ ತಂದುಕೊಟ್ಟು, ಚಿತ್ರದ ಕೆಳಗೇ ಕೂತು ಹರಟುತ್ತಿದ್ದಳು.

ಆ ವರ್ಷವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಾಯಿತು. ತೊನ್ನು ಮಗಳಿಗೂ ಬಂದೀತು ಅಂದುಕೊಂಡುಬಿಟ್ಟರೆ ಎಂಬ ಭಯ ನನಗೆ. ಹಿಂದಿನ ದಿನ ಮಧ್ಯಾಹ್ನ ಅಮ್ಮ ಮಲಗಿದ್ದಾಗ, ಮೇಷ್ಟ್ರು ಕೊಟ್ಟಿದ್ದ ಬಣ್ಣವನ್ನು ಅವರು ಕಲಿಸಿದಂತೆಯೇ ಅಗಸೆ ಎಣ್ಣೆಯಲ್ಲಿ ಕಲೆಸಿ, ಚಿತ್ರದ ಬಿಳಿಯನ್ನೆಲ್ಲ ಮುಚ್ಚಿದೆ. ಮೈಬಣ್ಣ ಎಷ್ಟು ಚೆನ್ನಾಗಿ ಹೊಂದಿತೆಂದರೆ ಒಳಗೊಳಗೇ ಹೆಮ್ಮೆಯೂ ಆಯಿತು, ಹಾಳಾದ್ದು.

ಅಮ್ಮ ಎದ್ದು ಬಂದಳು. ನೋಡಿದಳು. ನಾನು ಬಾಯಿಬಿಡುವ ಮೊದಲೇ, "ನಾಳೆ ಕಾಫಿ ನೀನೇ ಕೊಟ್ಬಿಡು. ನನಗೆ ತಲೆನೋವು ಅಂತ ಹೇಳು," ಅಂದಳು.

ಸಂಬಂಧ ಕುದುರಿತು. ಅಮ್ಮ ಮತ್ತೆ ಹಜಾರಕ್ಕೆ ಬಂದು ಕೂರಲಿಲ್ಲ. ಶುಭಾಶಯ ಹೇಳಲು ಬಂದ ಮೇಷ್ಟ್ರು ಕನ್ನಡಕ ಏರಿಸಿ ಚಿತ್ರದ ಹತ್ತಿರ ಹೋದರು. "ನಿನಗೆ ಕೈ ಚೆನ್ನಾಗಿ ಕೂತಿದೆ ಕಣಮ್ಮ," ಅಂದರು. ಅಷ್ಟೇ… ಮುಂದಿನ ಭಾನುವಾರ ನಾನು ಹೋಗಲಿಲ್ಲ, ಅವರೂ ಕರೆಯಲಿಲ್ಲ. ನನ್ನ ಮದುವೆಯಾದ ಎರಡನೇ ವರ್ಷ ಹೋಗಿಬಿಟ್ಟರು. ಕ್ಷಮಿಸಿ ಅನ್ನಲು ನನಗೆ ಎರಡು ವರ್ಷ ಸಾಲಲಿಲ್ಲ.

ಅಮ್ಮನೂ ಹೋದ ಮೇಲೆ ಹಳೆಯ ಚಿತ್ರ ರಿಪೇರಿ ಮಾಡುವವರೊಬ್ಬರಿಗೆ ಅದನ್ನು ತೋರಿಸಿದೆ. "ಮೇಲಿಂದು ತೆಗೆಯೋಕೆ ಹೋದ್ರೆ ಕೆಳಗಿಂದೂ ಕಿತ್ಕೊಂಡು ಬರತ್ತೆ ಮೇಡಂ," ಅಂದರು. ಅಮ್ಮನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ.

ಈಗಷ್ಟೇ ಮಹಡಿಯ ಹೆಂಗಸು ಚಟ್ನಿಪುಡಿಯ ಡಬ್ಬಿ ಹಿಡಿದು ಬಂದಿದ್ದರು. ಗೋಡೆಯ ಮೇಲಿದ್ದ ಆ ಚಿತ್ರ ನೋಡಿ, "ನಿಮ್ಮ ಅವ್ವಾರೇನ್ರಿ ಇವರು? ಭಾಳ ಚಂದ ಇದ್ರು ಬಿಡ್ರಿ," ಅಂದರು.

ಹೌದು ಅಂದೆ. ಅವರು ಹೋದ ಮೇಲೆ ಚಿತ್ರದ ಮುಂದೆ ನಿಂತೆ. ಬಿಳಿ ಇದ್ದದ್ದು ಎಡಗಣ್ಣಿನ ಸುತ್ತಲೋ, ಬಲಗಣ್ಣಿನ ಸುತ್ತಲೋ… ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮೇಷ್ಟ್ರಿಗೆ ಗೊತ್ತಿತ್ತು.