ಹಾರುವ ಹಡಗು ಮತ್ತು ರಂಗತ್ತೆ

ಮೊನ್ನೆ ಬೀರುವಿನಿಂದ ಕಾದಂಬರಿಯೊಂದನ್ನು ತೆಗೆದಾಗ ಹಾಳೆಗಳ ನಡುವಿನಿಂದ ಕಡಲೆಕಾಯಿ ಸಿಪ್ಪೆಯ ಚೂರುಗಳು ಉದುರಿದವು. ಕೆಮ್ಮು ಬಂತು. ಕಣ್ಣಲ್ಲಿ ನೀರೂ ಬಂತು. ಅದಕ್ಕೆ ಧೂಳನ್ನೇ ದೂರೋಣ.

ನನಗೆ ಮಾಯಾಲೋಕದ ಕಾದಂಬರಿಗಳ ಹುಚ್ಚು. ನಲವತ್ತು ದಾಟಿದವಳು ಮಂತ್ರದಂಡ, ಡ್ರ್ಯಾಗನ್ ಎಂದು ಕೂತರೆ ನಗುವವರು ನಗಲಿ. ಅದರಲ್ಲೂ ಸ್ಟೀಮ್‌ಪಂಕ್ ಎನ್ನುತ್ತಾರಲ್ಲ, ಹಬೆಯ ಬಲದಿಂದ ಹಡಗುಗಳು ಆಕಾಶದಲ್ಲಿ ಹಾರುವ ಸಾಹಸಕತೆಗಳು, ಅವೆಂದರೆ ಪ್ರಾಣ. ಮಂತ್ರಕ್ಕೆ ದಣಿವಿಲ್ಲ, ಯಂತ್ರಕ್ಕಿದೆ. ತಿರುಪು ಸಡಿಲವಾಗುತ್ತದೆ, ಕೈ ಸುಡುತ್ತದೆ, ಹಾಗಾಗಿ ನಂಬಿಕೆ ಬರುತ್ತದೆ. ಈ ಅಭಿಪ್ರಾಯ ನನ್ನದೆಂದು ಬೀಗುತ್ತೇನಾದರೂ ಅರ್ಧ ರಂಗತ್ತೆಯದು.

ರಂಗತ್ತೆ ಅಪ್ಪನ ಅಕ್ಕ, ಮಳೆಯೇ ಅಪರೂಪವಾದ ಐ.ಡಿ.ಹಳ್ಳಿಯವಳು. ಬಿತ್ತನೆಗೆ ಮೊದಲು ಬೀಜದ ಕಡಲೆಕಾಯಿ ಸುಲಿಯಲು ಅವಳ ಜಗಲಿಯಲ್ಲಿ ಹೆಂಗಸರು ಸೇರುತ್ತಿದ್ದರು. ಒಬ್ಬರು ಕತೆ ಹೇಳಬೇಕು, ಆದರೆ ಕಾಯಿ ಮುಗಿಯುವ ತನಕ ಕತೆ ಮುಗಿಸುವಂತಿಲ್ಲ. ಮುಗಿಸಿದರೆ ನಾಳೆ ಸುಲಿಯಲು ಯಾರು ಬರುತ್ತಾರೆ? ಮಧುಗಿರಿಯಿಂದ ರಜಕ್ಕೆ ಹೋಗುತ್ತಿದ್ದ ನಾನು ಇಂಗ್ಲಿಷ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ.

“ಅಲ್ಲ ಕಣಮ್ಮ, ಹಬೆ ಅಂದ್ಮೇಲೆ ನೀರು ಬ್ಯಾಡ್ವಾ? ಆಕಾಸ್ದಾಗೆ ಯಾವ ಬಾವಿ ಐತೆ?” ಎಂದಳು ರಂಗತ್ತೆ ಒಮ್ಮೆ.

ಲೇಖಕ ಅದನ್ನು ಬರೆದಿರಲಿಲ್ಲ. “ಮೋಡದಿಂದ ಸೇದ್ಕೋತಾರೆ ಅತ್ತೆ” ಎಂದು ಬುರುಡೆ ಬಿಟ್ಟೆ.

“ಅಂಗಾರೆ ನಮ್ಮೂರ ಮ್ಯಾಲೆ ಹಾರ್ಸಕ್ಕಾಗಕಿಲ್ಲ ಬುಡು” ಎಂದು ಎಲ್ಲರನ್ನೂ ನಗಿಸಿದಳು.

ಕಳೆದ ವರ್ಷ, ಮೊನ್ನೆ ಬೀರುವಿನಿಂದ ತೆಗೆದ ಈ ಪುಸ್ತಕದ ಕತೆ ಅರ್ಧವಾಗಿದ್ದಾಗಲೇ ಬಿತ್ತನೆ ಬಂತು. ಅದರ ಹಿಂದೆಯೇ ಅತ್ತೆಯ ಹೊಟ್ಟೆಯಲ್ಲಿ ಗಂಟು. ತಡವಾಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ನಾನು ರಜೆ ಹಾಕಿ ಮಂಚದ ಪಕ್ಕ ಕೂತು ಉಳಿದ ಕತೆ ಹೇಳಿದೆ. ಯುದ್ಧದ ನಡುವೆ ಸಿಲುಕಿದ ಹಾರುವ ಹಡಗನ್ನು ಹುಡುಗಿಯೊಬ್ಬಳು ಊರಿಗೆ ತಲುಪಿಸಬೇಕು. ಕೊನೆಯ ಅಧ್ಯಾಯಕ್ಕೆ ಬಂದಾಗ ಅತ್ತೆ ನನ್ನ ಕೈ ಹಿಡಿದಳು.

“ಸಾಕು ನಿಲ್ಸು. ನಾಳಿಕ್ಕಿರ್ಲಿ.”

“ಒಂದೇ ಅಧ್ಯಾಯ ಅತ್ತೆ.”

“ಇವತ್ತೇ ಮುಗಿಸ್ಬುಟ್ರೆ ನಾಳಿಕ್ಕೆ ನಾನ್ಯಾಕಮ್ಮ ಇರ್ಲಿ?”

ಮರುದಿನವೂ ಹಾಗೇ ಅಂದಳು, ಅದರ ಮರುದಿನವೂ. ಜಗಲಿಯ ಆ ಕಟ್ಟಳೆಯನ್ನು ನಾನೂ ನಂಬತೊಡಗಿದ್ದೆ. ಮುಂದಿನ ಪುಟಗಳನ್ನು ಕದ್ದು ಕೂಡ ನೋಡಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಏಳಲಿಲ್ಲ.

ನಿನ್ನೆ ಆ ಅಧ್ಯಾಯ ಓದಿದೆ. ಹುಡುಗಿ ಹಡಗನ್ನು ತಂದೇ ತಂದಳು. ಯಾರೂ ಸಾಯಲಿಲ್ಲ. ಊರಿಗೆ ಊರೇ ಬಯಲಿಗೆ ಬಂದು ಕುಣಿಯಿತು. ಓದುಗಿಯಾಗಿ ಹೇಳುವುದಾದರೆ ಇಂಥ ಕೊನೆ ನನಗೆ ಹಿಡಿಸುವುದಿಲ್ಲ, ತೀರಾ ಸಪ್ಪೆ. ಆದರೂ ಪುಸ್ತಕ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಕೊನೆಯಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ, ಅವಳು ಬೇಡವೆಂದರೂ ಹೇಳಿಬಿಡುತ್ತಿದ್ದೆ.