ಒಂದೇ ಅಡ್ಡಹೆಸರು, ಒಂದೇ ಊರು

೧೯೯೮ರಲ್ಲಿ ನಾನು ಡಚ್ ನಗರ ದ ಹೇಗ್‌ನ ಒಂದು ಪ್ರಕಾಶನ ಸಂಸ್ಥೆಯಲ್ಲಿ ಡೇಟಾಬೇಸ್ ಪ್ರೋಗ್ರಾಮರ್ ಆಗಿದ್ದೆ. ಹೆಸರಾಂತ ವ್ಯಕ್ತಿಗಳ ಪರಿಚಯಗಳ ಸಿ.ಡಿ. ವಿಶ್ವಕೋಶ ತಯಾರಾಗುತ್ತಿತ್ತು. ಅದರಲ್ಲಿ ಕ್ಲಾರ್ಕ್ ಎಂಬ ಅಡ್ಡಹೆಸರಿನವರೇ ಡಜನ್‌ಗಟ್ಟಲೆ: ಕ್ರಿಕೆಟಿಗ, ಪಾದ್ರಿ, ವಿಜ್ಞಾನಿ, ನಟಿ. ಒಬ್ಬರ ಪುಟದಿಂದ ಅವರ ಬಂಧುಗಳ ಪುಟಕ್ಕೆ ಹೋಗುವ ಲಿಂಕ್ ಕೊಡುವುದು ನನ್ನ ಪಾಲಿನ ಕೆಲಸ.

ಕ್ಲಾರ್ಕ್‌ಗಳೆಲ್ಲ ಒಂದೇ ಮನೆಯವರಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಹುಟ್ಟಿದ ಊರನ್ನೂ ಸೇರಿಸಿ ನೋಡೋಣ ಎಂದೆ. ಪಕ್ಕದ ಸೀಟಿನ ಹುಬ್ಬಳ್ಳಿಯ ನಜೀರ್ ತಕ್ಷಣ ಒಪ್ಪಿದ. "ಅಡ್ಡಹೆಸರೂ ಒಂದ, ಊರೂ ಒಂದ ಅಂದಮ್ಯಾಲೆ ಬಳಗನ ಆಗಬೇಕಲ್ರೀ!" ನಾನು ಧಾರವಾಡದವನು. ಮದುವೆಮನೆಯಲ್ಲಿ ಅಡ್ಡಹೆಸರು, ಊರು ಕೇಳಿಯೇ ಸಂಬಂಧ ಹಚ್ಚುವ ಜನ ನಾವು. ಪ್ರೋಗ್ರಾಂ ಬರೆದು ಬೀಗಿದೆ.

ಬದುಕಿರುವವರಿಗೆ ಅವರ ಪುಟ ತೋರಿಸಿ ಒಪ್ಪಿಗೆ ಪಡೆಯುವ ಪದ್ಧತಿಯಿತ್ತು. ಹಾಗೆ ಒಂದು ದಿನ ಗಾಯಕಿ ಶ್ರೀಮತಿ ಕ್ಲಾರ್ಕ್ ಟ್ರಾಮ್ ಹಿಡಿದು ನಮ್ಮ ಆಫೀಸಿಗೆ ಬಂದರು. ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿದ ಕಪ್ಪು ವರ್ಣದ ಹಿರಿಯರು. ತಮ್ಮ ಪುಟ ಓದಿ ಖುಷಿಪಟ್ಟರು. ಆಮೇಲೆ 'ಬಂಧುಗಳು' ಎಂಬಲ್ಲಿ ಒತ್ತಿದರು. ಬಿಳಿಯನೊಬ್ಬನ ಚಿತ್ರ ತೆರೆದುಕೊಂಡಿತು: ಅದೇ ಊರಿನ ಕ್ಲಾರ್ಕ್, ಕಬ್ಬಿನ ತೋಟಗಳ ಧಣಿ, ದಾನಶೂರ.

"ಇವನು ನನ್ನ ಬಂಧು ಅಂತ ಯಾರು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಡ್ಡಹೆಸರು ಒಂದೇ, ಊರೂ ಒಂದೇ..." ಎಂದು ತೊದಲಿದೆ.

"ನನ್ನ ಮುತ್ತಜ್ಜನ ಅಪ್ಪನನ್ನು ಇವನು ಗುಲಾಮರ ಸಂತೆಯಲ್ಲಿ ಕೊಂಡುಕೊಂಡ. ಕೊಂಡ ಮೇಲೆ ತನ್ನ ಹೆಸರು ಹಚ್ಚಿದ. ಆತನ ಸ್ವಂತ ಹೆಸರು ಏನಿತ್ತೋ, ನಮಗ್ಯಾರಿಗೂ ಗೊತ್ತಿಲ್ಲ."

ಥೂ, ನನ್ನ ಜಾಣತನಕ್ಕಿಷ್ಟು! ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. "ಕ್ಷಮಿಸಿ, ಈಗಲೇ ಅಳಿಸುತ್ತೇನೆ" ಎಂದು ಮೌಸ್‌ಗೆ ಕೈ ಹಾಕಿದೆ. ಅವರ ಮೇಲಿನ ಕಾಳಜಿಯಿಂದಲ್ಲ. ಆ ಲಿಂಕ್ ನನ್ನ ಕಣ್ಣೆದುರಿನಿಂದ ತೊಲಗಿದರೆ ಸಾಕಿತ್ತು.

ಅವರು ನನ್ನ ಕೈ ತಡೆದರು. "ಅಳಿಸಿದರೆ ಇವನು ಬರೀ ದಾನಶೂರನಾಗಿ ಉಳಿಯುತ್ತಾನೆ. ಸಂಬಂಧ ಏನಿತ್ತೋ ಅದನ್ನೇ ಬರೆಯಿರಿ. ಆಗದಿದ್ದರೆ ನನ್ನ ಪುಟವನ್ನೇ ತೆಗೆದುಬಿಡಿ."

ಪ್ರೋಗ್ರಾಂನಲ್ಲಿ ತಂದೆ, ತಾಯಿ, ಪತಿ, ಮಗಳು ಎಂಬ ಸಂಬಂಧಗಳಷ್ಟೇ ಇದ್ದವು. ಬೇಕಾದದ್ದು ಇರಲಿಲ್ಲ. ಅದನ್ನು ಸೇರಿಸಲು ಕೇಳಿದಾಗ ನಮ್ಮ ಡಚ್ ಸಂಪಾದಕರು ಮುಖ ಸಿಂಡರಿಸಿ, "ಅದೆಲ್ಲ ಹಳೇ ಕಥೆ" ಎಂದರು. ನಾನು ಬಿಡಲಿಲ್ಲ. ಕೊನೆಗೆ ಒಪ್ಪಿದರು.

ನಮ್ಮೂರಿನ ಅಳತೆಯಲ್ಲಿ ಬೇರೆಯವರ ಬಳಗ ಅಳೆಯಬಾರದು, ತಪ್ಪಾದರೆ ಅಳಿಸಿ ಕೈತೊಳೆದುಕೊಳ್ಳಲೂಬಾರದು ಎಂದು ಆ ಕೆಲಸ ಕಲಿಸಿತು. ಶ್ರೀಮತಿ ಕ್ಲಾರ್ಕ್ ಪಕ್ಕದಲ್ಲಿ ಕೂತಿರುವಾಗಲೇ ಹೊಸ ಸಂಬಂಧವೊಂದನ್ನು ಸೇರಿಸಿ ಟೈಪ್ ಮಾಡಿದೆ: ಮಾಲೀಕ.

"ಈಗ ಸರಿಯಾಯಿತು" ಎಂದರು ಅವರು. ಅವರ ಮುಖ ನೋಡಲು ನನಗೆ ಆಗಲಿಲ್ಲ.